ಜಿಮ್ಮಿನ ಹೊಸ ನೆಲ

ಏಪ್ರಿಲ್ ಹದಿನೇಳರ ಬೆಳಗ್ಗೆ ಸಲ್ಬಿಯಾ ಎಂಬ ಹೆಂಗಸು ಮಲೇಷ್ಯಾದ ಇಪೋ ಪಟ್ಟಣದ ಪೊಲೀಸ್ ಠಾಣೆಗೆ ಬಂದು, ಮಗ ಹಫೀಜಾನ್ ಕಾಣೆಯಾಗಿದ್ದಾನೆಂದು ದೂರು ಕೊಟ್ಟಳು. ಕಟ್ಟಡ ಶುಚಿಗೊಳಿಸುವ ಕಂಪನಿಯಲ್ಲಿ ಅವಳ ಕೆಲಸ. ಸಮವಸ್ತ್ರದ ತೋಳಿಗೆ ಸಿಮೆಂಟಿನ ಧೂಳು ಮೆತ್ತಿತ್ತು.

ಇನ್‌ಸ್ಪೆಕ್ಟರ್ ಜುರೈದಾ ಕೇಳಿದಳು, "ಫೋನ್ ಮಾಡ್ತಾನಾ?"

"ಇಲ್ಲ ಮೇಡಂ. ಮೆಸೇಜ್ ಬರುತ್ತೆ. ಜೋಹೋರ್‌ನಲ್ಲಿ ಕೆಲಸ ಸಿಕ್ಕಿದೆ, ಚೆನ್ನಾಗಿದ್ದೀನಿ ಅಂತ."

"ಮತ್ತೆ ಕಾಣೆಯಾಗಿದ್ದಾನೆ ಅಂತೀರಲ್ಲ?"

"ಹಬ್ಬದ ದಿನ ಕೂಡ ದನಿ ಕೇಳಿಸಲಿಲ್ಲ. ಮಾಂಸದ ರೆಂದಾಂಗ್ ಸಾರು ಮಾಡಿದೀನಿ ಅಂದ್ರೆ ಎಲ್ಲಿದ್ರೂ ಓಡಿ ಬರೋನು ಅವನು."

ಹಫೀಜಾನ್‌ಗೆ ಇಪ್ಪತ್ತೆರಡು ವರ್ಷ. ತಂದೆಯಿಲ್ಲ. ಸೋದರಮಾವ ಕಮರುಲ್ ಮೇಸ್ತ್ರಿ. ಜಿಮ್ಮೊಂದರ ನವೀಕರಣದಲ್ಲಿ ಹುಡುಗ ಅವನ ಕೈಕೆಳಗೇ ದುಡಿಯುತ್ತಿದ್ದ. ಈಗ ಅದೇ ಜಿಮ್ಮಿನ ಶುಚಿ ಕೆಲಸ ಸಲ್ಬಿಯಾಳ ಕಂಪನಿಗೆ ಬಂದಿತ್ತು.

ಮರುದಿನ ಕಾನ್‌ಸ್ಟೆಬಲ್ ಲೋಗನಾಥನ್ ಫೋನ್ ಕಂಪನಿಯ ವಿವರ ತಂದ. "ಜೋಹೋರೂ ಇಲ್ಲ, ಏನೂ ಇಲ್ಲ ಮೇಡಂ. ಮೆಸೇಜ್ ಎಲ್ಲಾ ಈ ಊರಿಂದಲೇ ಹೋಗಿವೆ."

ಇಬ್ಬರೂ ಜಿಮ್ಮಿಗೆ ಹೋದರು. ಗೋಡೆಗೆ ಹೊಸ ಬಣ್ಣ, ಪ್ಲಾಸ್ಟಿಕ್ ಹೊದ್ದ ಯಂತ್ರಗಳು, ಕನ್ನಡಿಗಳ ಮೇಲೆ ತೆಳು ಧೂಳು. ಹೆಂಗಸರು ಒರೆಸುತ್ತಿದ್ದರು. ಹಳೆಯ ಸ್ಟೀಮ್ ಕೋಣೆಯಿದ್ದ ಮೂಲೆಯ ಕಡೆಗೆ ಮಾತ್ರ ಯಾರೂ ಸುಳಿಯುತ್ತಿರಲಿಲ್ಲ.

"ಆ ಕಡೆ ಯಾಕೆ ಹೋಗಲ್ಲ?" ಜುರೈದಾ ಒಬ್ಬಳನ್ನು ಕೇಳಿದಳು.

"ಬೆನ್ನ ಹಿಂದೆ ಯಾರೋ ಉಸಿರಾಡ್ದಂಗೆ ಆಗುತ್ತೆ ಮೇಡಂ. ನೆಲ ಎಷ್ಟು ಉಜ್ಜಿದ್ರೂ ಬೆಳಗಾದ್ರೆ ಮತ್ತೆ ಬೆಳ್ಳಗೆ. ಸಲ್ಬಿಯಕ್ಕ ಒಬ್ರಿಗೇ ಭಯ ಇಲ್ಲ. ಊಟಾನೂ ಅಲ್ಲೇ ಮಾಡ್ತಾರೆ."

ಸಲ್ಬಿಯಾ ಅಲ್ಲೇ ಮಂಡಿಯೂರಿ ಕುಳಿತಿದ್ದಳು. "ತಂಪಾಗಿದೆ ಮೇಡಂ ಇಲ್ಲಿ. ಯಾಕೋ ಎದ್ದು ಹೋಗೋಕೆ ಮನಸ್ಸೇ ಬರಲ್ಲ. ತಮ್ಮ ಕಮರುಲ್ ಮಾತ್ರ ದಿನಾ ಬಂದು ಬೈತಾನೆ. ಉಜ್ಜಬೇಡ, ಮೇಲೆ ಕಾರ್ಪೆಟ್ ಹಾಕಿಸ್ತೀನಿ ಅಂತಾನೆ."

ಜುರೈದಾ ಬೆರಳಾಡಿಸಿದಳು. ಉಪ್ಪಿನಂಥ ಪುಡಿ. ಸುತ್ತಲಿನ ನೆಲ ಒಣಗಿತ್ತು.

ಮಧ್ಯಾಹ್ನ ಬಂದ ನವೀಕರಣದ ಎಂಜಿನಿಯರ್ ಸುತ್ತ ನಡೆದು ನೋಡಿದರು. "ಕಾಂಕ್ರೀಟಿನ ಕೆಳಗೆ ತೇವ ಏರದಂತೆ ಪ್ಲಾಸ್ಟಿಕ್ ಹಾಳೆ ಹಾಸ್ತಾರೆ. ಇಲ್ಲಿ ಹಳೆ ಪೈಪ್ ತೆಗೆಯೋಕೆ ಗುಂಡಿ ತೋಡಿದ್ರು, ಮುಚ್ಚುವಾಗ ಹಾಳೆ ಹಾಸಿಲ್ಲ ಅನ್ಸುತ್ತೆ, ಅದಕ್ಕೇ ತೇವದ ಜೊತೆ ಉಪ್ಪು ಮೇಲೇರ್ತಿದೆ. ಮಿಕ್ಕ ಕಡೆಯೆಲ್ಲಾ ಇದೆ."

"ಈ ಗುಂಡಿ ಮುಚ್ಚಿದ್ದು ಯಾರು?"

"ಮೇಸ್ತ್ರಿ ಒಬ್ನೇ. ಕೆಲಸದವರನ್ನ ಮನೆಗೆ ಕಳಿಸಿಬಿಟ್ಟಿದ್ದ."

ಜುರೈದಾ ಸಲ್ಬಿಯಾಳನ್ನು ಏನೋ ನೆಪ ಹೇಳಿ ಮನೆಗೆ ಕಳಿಸಿ, ನ್ಯಾಯಾಲಯದ ಅನುಮತಿ ತರಿಸಿದಳು. ಪಂಚರ ಸಮ್ಮುಖದಲ್ಲಿ ನೆಲ ಒಡೆಯಲಾಯಿತು. ಹಾಸಬೇಕಿದ್ದ ಹಾಳೆ ಒಳಗೇ ಇತ್ತು. ಅದರಲ್ಲಿ ಸುತ್ತಿದ್ದುದು ಹಫೀಜಾನ್‌ನ ದೇಹ.

ಕಮರುಲ್ ಓಡಲಿಲ್ಲ. ಬೀದಿಯಾಚೆಯ ಕಾಫಿ ಅಂಗಡಿಯಲ್ಲಿ ಕುಳಿತು ಒಡೆಯುವ ಸದ್ದು ಕೇಳುತ್ತಿದ್ದ. ಜುರೈದಾ ಅವನನ್ನು ಅಲ್ಲೇ ಬಂಧಿಸಿದಳು. ಹಫೀಜಾನ್‌ನ ಫೋನು ಅವನ ಅಂಗಿಯ ಜೇಬಿನಲ್ಲಿತ್ತು.

"ಹೇಗೆ ಸತ್ತ?"

"ಗುಂಡಿ ಒಳಗೆ ನಿಂತು ಪೈಪ್ ಕೊಯ್ತಿದ್ದ. ಕೆಳಗೆ ನೀರು. ಎಸಿ ಓಡಿಸಿ ನೋಡ್ಬೇಕು ಅಂತ ಮಾಲೀಕರು ಅವಸರ ಮಾಡಿದ್ರು. ಅವನು ಇನ್ನೂ ಒಳಗಿದ್ದಾನೆ ಅನ್ನೋದು ಮರೆತು ನಾನೇ ಮೇನ್ ಸ್ವಿಚ್ ಹಾಕಿದೆ. ನೀರಿಗೆ ಕರೆಂಟ್ ಹರೀತು."

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?"

"ಉಸಿರಿರಲಿಲ್ಲ ಮೇಡಂ. ಅಕ್ಕನಿಗೆ ಏನಂತ ಹೇಳ್ಲಿ? ನನ್ನ ಮಗನ ಥರ ನೋಡ್ಕೋತೀನಿ ಅಂತ ಮಾತು ಕೊಟ್ಟು ಕರ್ಕೊಂಡು ಬಂದಿದ್ದೆ. ಒಂದು ದಿನ ತಳ್ಳೋಣ ಅಂತ ಮೊದಲ ಮೆಸೇಜ್ ಕಳಿಸ್ದೆ. ಊಟ ಆಯ್ತಾ ಕಂದಾ ಅಂತ ಅವಳು ಬರೆದ್ಲು. ಆಗ ನಂಗೂ ಅವನು ಎಲ್ಲೋ ಇದ್ದಾನೆ ಅನ್ನಿಸಿಬಿಡ್ತು. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ."

ಹುಡುಗನನ್ನು ಮಣ್ಣು ಮಾಡಿದ ಮರುದಿನ ಸಲ್ಬಿಯಾ ಹೇಳಿಕೆ ಕೊಡಲು ಠಾಣೆಗೆ ಬಂದಳು. ಸಹಿ ಹಾಕಿದ ಮೇಲೆ, ತಮ್ಮನನ್ನು ನೋಡಬಹುದೇ ಎಂದು ಕೇಳಿದಳು. ಲಾಕಪ್ಪಿನ ಒಳಗೆ ಕಮರುಲ್ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಅವಳು ಕಂಬಿ ಹಿಡಿದಳು.

"ಅವತ್ತೇ ಮನೆಗೆ ಬಂದು ಹೇಳ್ಬಾರ್ದಿತ್ತೇನೋ," ಎಂದಳು. "ಇಬ್ರೂ ಒಟ್ಟಿಗೆ ಕೂತು ಅಳ್ತಿದ್ವಲ್ಲೋ."