ಟೇಪಿನಲ್ಲಿ ಪೂರಿಯಾ

"ಧ್ವನಿ ಸೋತದ ಅಣ್ಣಾ. ಈ ವರ್ಷ ನೀವು ಕೂತು ಕೇಳ್ರಿ, ನಾ ಹಾಡ್ತೀನಿ."

ಗುರುಗಳ ಪುಣ್ಯತಿಥಿಯ ದಿನ ಸವದತ್ತಿಯ ಅರ್ಧ ಊರಿನೆದುರು ಕೃಷ್ಣಾಜಿ ನೀಲಕಂಠನಿಗೆ ಆಡಿದ ಮಾತು. ಇಬ್ಬರೂ ಒಬ್ಬರೇ ಗುರುವಿನ ಬಳಿ ಕಲಿತವರು. ನಿನ್ನೆ ಮೊನ್ನೆ ತಂಬೂರಿ ಹಿಡಿದವನು ಹಿರಿಯನಿಗೆ ಹೀಗೆನ್ನುವುದೇ! ನೀಲಕಂಠನ ಹೊಟ್ಟೆಗೆ ಬೆಂಕಿ ಬಿತ್ತು. ಅಂದಿನಿಂದ ಹಾಡಲು ಬಾಯಿ ತೆರೆದರೆ ಸಾಕು, ಬೆನ್ನ ಹಿಂದೆ ಯಾರೋ ಅದೇ ಮಾತನ್ನು ಪಿಸುಗುಟ್ಟಿದಂತಾಗುತ್ತಿತ್ತು. ಕೃಷ್ಣಾಜಿ ಇರುವ ತನಕ ತನಗೆ ಹಾಡಿಲ್ಲ ಎಂದು ತೀರ್ಮಾನಿಸಿದ.

ಕೃಷ್ಣಾಜಿ ದಿನಾ ಸಂಜೆ ಊರಾಚೆಯ ಬಾವಿಗೆ ಸಂಧ್ಯಾವಂದನೆಗೆ ಹೋಗುತ್ತಿದ್ದ, ಒಬ್ಬನೇ. ಪಾಚಿಗಟ್ಟಿದ ಮೆಟ್ಟಿಲು. ಈಜು ಬಾರದು. ಒಂದು ನೂಕು ಸಾಕು. ಆ ಹೊತ್ತಿಗೆ ನೀಲಕಂಠ ಮನೆಯಲ್ಲಿ ಹಾಡುತ್ತಿರಬೇಕು, ಅಷ್ಟೇ. ಪಕ್ಕದ ಮನೆಯ ಕಮಲಾಬಾಯಿ ಬತ್ತಿ ಹೊಸೆಯುತ್ತ ದಿನವೂ ಅವನ ಹಾಡು ಕೇಳುವಾಕೆ; ಸುಳ್ಳಾಡುವ ಜೀವವಲ್ಲ.

ಅದಕ್ಕೇ ಟೇಪ್ ರೆಕಾರ್ಡರ್ ತಂದ. ಅದಕ್ಕೆ ಎರಡು ವೇಗ. ನಿಧಾನಕ್ಕೆ ತಿರುಗಿಸಿದರೆ ಟೇಪು ಹೆಚ್ಚು ಹೊತ್ತು ಬರುತ್ತಿತ್ತು, ಆದರೆ ದನಿ ಕಂಬಳಿ ಹೊದ್ದು ಹಾಡಿದಂತೆ ಮಂಕು. ಕಮಲಾಬಾಯಿಯ ಕಿವಿ ಅದಕ್ಕೆ ಮೋಸಹೋದೀತೇ? ವೇಗ ಹೆಚ್ಚಿಸಿದ. ಉಸಿರೆಳೆದದ್ದೂ ಕೇಳುವಷ್ಟು ಚೊಕ್ಕವಾಯಿತು. ತಂಬೂರಿ ದನಿಯನ್ನು ನುಂಗದಿರಲೆಂದು ಮೈಕನ್ನು ದೂರ, ಕಿಟಕಿಯಲ್ಲಿಟ್ಟ. ಕರೆಂಟನ್ನು ನಂಬುವಂತಿಲ್ಲ, ಹೊಸ ಸೆಲ್ಲು ಹಾಕಿದ. ಕಮಲಾಬಾಯಿ ನೇಸರಗಿಗೆ ಮಗಳ ಮನೆಗೆ ಹೋದ ಸಂಜೆ ಕಣ್ಣು ಮುಚ್ಚಿ ಪೂರಿಯಾ ರಾಗ ಹಾಡಿ ತುಂಬಿಸಿದ. ಆಕೆ ಮರಳಿದ ಸಂಜೆ ಯಂತ್ರ ಹಚ್ಚಿ ಹಿತ್ತಲಿನಿಂದ ಹೊರಬಿದ್ದ.

ಬಾವಿಯಲ್ಲಿ ಕೆಲಸ ಬೇಗ ಮುಗಿಯಿತು. ತಿರುಗಿ ಬಂದು ಹಿತ್ತಲಲ್ಲಿ ನಿಂತಾಗ ಒಳಗೆ ಹಾಡು ನಡೆದೇ ಇತ್ತು. ಮೈ ಜುಮ್ಮೆಂದಿತು. ಒಳಗೆ ಕೂತವನು ನೀಲಕಂಠನಾದರೆ ಈ ಒದ್ದೆ ಕಾಲಿನ ತಾನು ಯಾರು? ಒಳಗೆ ಹೋಗಿ ಯಂತ್ರ ನಿಲ್ಲಿಸಿದ.

ಹೆಣ ತೇಲಿದ ಮೇಲೆ ಪೊಲೀಸ್ ಠಾಣೆಯ ಫೌಜದಾರ ಬಂದ. "ಪುಣ್ಯತಿಥಿ ಆದಮ್ಯಾಲೆ ಕೃಷ್ಣಾಜಿ ನಮ್ಮ ಮನಿ ಕಡೆ ಹಾಯ್ದೇ ಇಲ್ರಿ. ಆ ಸಂಜಿ ನಾ ಹಾಡಿಕೋತ ಕೂತಿದ್ದೆ, ಕಮಲಾಬಾಯಿನ್ನ ಕೇಳ್ರಿ ಬೇಕಾದ್ರ," ಎಂದ ನೀಲಕಂಠ.

"ಹೌದ್ರಿ, ಹಾಡಲಿಕ್ಕೆ ಹತ್ತಿದ್ದ," ಎಂದಳು ಕಮಲಾಬಾಯಿ. "ಪಾಪ, ಕೃಷ್ಣಾಜಿನೂ ಬಂದಿದ್ದನಲ್ಲ! 'ಭೇಷ್ ಅಣ್ಣಾ, ಧ್ವನಿ ಮತ್ತ ಬಂತು. ನಾ ಹಂಗ ಅನಬಾರದಿತ್ತು' ಅಂತ ಕಿಟಕಿ ಕಡೆ ನಿಂತು ಸಣ್ಣಗ ಅಂದಾ. ನನ್ನ ಕಿವಿಲೇ ಕೇಳೀನಿ." ಫೌಜದಾರ ಮೆಲ್ಲಗೆ ನೀಲಕಂಠನ ಕಡೆ ತಿರುಗಿದ. ಟೇಪು ತುಂಬಿಸಿದ ಸಂಜೆ ಕಿಟಕಿಗೆ ಬಂದು ಹೋದವನ ಮಾತನ್ನು ಯಂತ್ರ ಕೇಳಿಸಿಕೊಂಡಿತ್ತು, ತಂಬೂರಿಯ ಪಕ್ಕ ಕೂತ ನೀಲಕಂಠ ಕೇಳಿಸಿಕೊಂಡಿರಲಿಲ್ಲ. ಆಮೇಲಾದರೂ ಟೇಪು ಹಚ್ಚಿ ಪೂರ್ತಿ ಕೇಳಬಹುದಿತ್ತು. ಹಚ್ಚಿದವನು ಮೊದಲ ನಾಲ್ಕು ಸ್ವರಕ್ಕೇ ನಿಲ್ಲಿಸಿಬಿಟ್ಟಿದ್ದ. ತನ್ನ ಸೋತ ದನಿಯನ್ನು ಕೊನೆತನಕ ಕೇಳುವ ಧೈರ್ಯ ಅವನಿಗಿರಲಿಲ್ಲ.