ಹಳೇ ಲಾರಿಗೆ ಹಾಕಿದ ಪೆಟ್ರೋಲ್

ಅಪಘಾತ ಎಂದು ಬರೆದು ಮುಗಿಸಿದರೆ ಯಾರಿಗೆ ಏನು ನಷ್ಟ? ಸತ್ತವನು ಹೇಗೂ ಎದ್ದು ಬರುವುದಿಲ್ಲ. ಯುದ್ಧಕಾಲದ ಮಿಲಿಟರಿ ಲಾರಿ, ಏರುದಾರಿ, ಕಾದ ಎಂಜಿನ್. ಬೆಂಕಿ ಹತ್ತಲು ಇನ್ನೇನು ಬೇಕು? ಇನ್‌ಸ್ಪೆಕ್ಟರ್ ಹೀಗೆ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆದರೆ ಎದುರಿಗೆ ಕುಳಿತ ಹೆಂಗಸು ಅಳುತ್ತಿರಲಿಲ್ಲ. ಅವರನ್ನು ಕಾಡುತ್ತಿದ್ದದ್ದು ಅದೇ.

ಆಕೆ ಸತ್ತವನ ಹೆಂಡತಿ. ಬೆಂಕಿ ಬಿದ್ದದ್ದು ಸೋಮವಾರ. ಇವತ್ತು ಬುಧವಾರ, ಬೆಳಿಗ್ಗೆ ಹತ್ತೂವರೆ.

"ಆ ಲಾರಿ ರಿಪೇರಿ ಮಾಡೋಕೆ ಮೂರು ವರ್ಷ ತಗೊಂಡ್ರು. ಸ್ಟಾರ್ಟ್ ಆದ ದಿನದಿಂದ ಒಂದು ಹನಿ ಪೆಟ್ರೋಲ್ ಸೋರಿಲ್ಲ," ಎಂದಳು. "ಸೋಮವಾರ ಯಾಕೆ ಸೋರ್ತು? ಅದನ್ನ ಬರ್ಕೊಳ್ಳಿ."

ಹೊರಗೆ ಬೆಂಚಿನ ಮೇಲೆ ಅವಳ ಭಾವ, ಗಂಡನ ಅಣ್ಣ, ಕುಳಿತಿದ್ದರು. ಹಳೆಯ ಮಿಲಿಟರಿ ಗಾಡಿಗಳನ್ನು ಮತ್ತೆ ಓಡುವಂತೆ ಮಾಡುವ ಷೆಡ್ಡು ಅಣ್ಣತಮ್ಮಂದಿರದು. ಅಣ್ಣನಿಗೆ ದೊಡ್ಡ ಮೇಸ್ತ್ರಿ, ತಮ್ಮನಿಗೆ ಚಿಕ್ಕ ಮೇಸ್ತ್ರಿ ಎಂದು ಹೆಸರು ಬಿದ್ದು ಬಹಳ ಕಾಲವಾಗಿತ್ತು. ನಿಮಗೇನಾದರೂ ಹೇಳುವುದಿದೆಯೇ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ದೊಡ್ಡ ಮೇಸ್ತ್ರಿ ಎದ್ದು ನಿಂತರು.

"ಅವಳು ಹೇಳಿದ ಹಾಗೇ ಬರ್ಕೊಳ್ಳಿ ಸಾರ್."

ದೂರು ದಾಖಲಾಯಿತು. ಎಫ್‌ಐಆರ್‌ನಲ್ಲಿ ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದು ಬರೆಯಲಾಯಿತು.

ಮಧ್ಯಾಹ್ನ ಏರುದಾರಿಯಲ್ಲಿ ಪಂಚನಾಮೆ ನಡೆಯಿತು. ಲಾರಿಯ ಮೂತಿ ಸುಟ್ಟು ಕರಿಯ ಗೂಡಾಗಿತ್ತು. ಹಿಂಬದಿ ಮಾತ್ರ ಹೊಸ ಹಸಿರು ಬಣ್ಣದಲ್ಲಿ ಹಾಗೇ ಉಳಿದಿತ್ತು. ಅಲ್ಲೇ ಕೆಳಗೆ ಟ್ಯಾಂಕು. ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇತ್ತು.

ಲಾರಿಯನ್ನು ಕೊಳ್ಳಬೇಕಿದ್ದದ್ದು ದೂರದ ಒಂದು ಮ್ಯೂಸಿಯಂ. ಅದರ ಏಜೆಂಟ್ ಸೋಮವಾರದ ಪರೀಕ್ಷಾ ಓಟದಲ್ಲಿ ಚಿಕ್ಕ ಮೇಸ್ತ್ರಿಯ ಪಕ್ಕದಲ್ಲೇ ಕುಳಿತಿದ್ದ. ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಬಂದು ನಡೆದದ್ದನ್ನು ಹೇಳಿದ. ಷೆಡ್ಡಿನ ಅಂಗಳದಲ್ಲೇ ಎಂಜಿನ್ ಕೆಮ್ಮಲು ಶುರುಮಾಡಿತ್ತಂತೆ. ಕರಿಹೊಗೆ, ಪೆಟ್ರೋಲ್ ವಾಸನೆ. ದೊಡ್ಡ ಮೇಸ್ತ್ರಿಯೂ ಅಲ್ಲೇ ನಿಂತಿದ್ದರಂತೆ. ನಾಳೆ ನೋಡೋಣ ಎಂದು ತಾನೇ ಹೇಳಿದ್ದನಂತೆ. ಚಿಕ್ಕ ಮೇಸ್ತ್ರಿ ನಕ್ಕು, ಮುದುಕನಿಗೆ ಸ್ವಲ್ಪ ಅಜೀರ್ಣ, ನನಗೆ ಇವನ ನಾಡಿ ಗೊತ್ತು ಎಂದು ಸೀಟಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ಕೈಯಲ್ಲೇ ಅಷ್ಟಷ್ಟೇ ತೆರೆಯುತ್ತ, ಮುಚ್ಚುತ್ತ, ಗಾಡಿಯನ್ನು ಹೊರಡಿಸಿಯೇಬಿಟ್ಟ. ಏರಿನಲ್ಲಿ ಬಾನೆಟ್ಟಿನೊಳಗಿಂದ ಬೆಂಕಿ ಎದ್ದಿತು.

"ನಾನು ಹಾರಿದೆ. ಅವರು ಹಾರಲಿಲ್ಲ," ಎಂದ ಏಜೆಂಟ್. "ಬ್ರೇಕ್ ಬಿಟ್ಟಿದ್ರೆ ಲಾರಿ ಹಿಂದಕ್ಕೆ ಉರುಳ್ತಿತ್ತು. ಹಿಂದೆ ಮನೆಗಳಿದ್ವು. ಜನ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಡೋವರೆಗೂ ಕಾಲು ಎತ್ತಲಿಲ್ಲ."

ದಫೇದಾರರು ಟ್ಯಾಂಕಿನ ಪೆಟ್ರೋಲನ್ನು ಮೂರು ಬಾಟಲಿಗಳಿಗೆ ತುಂಬಿ ಸೀಲು ಹಾಕಿದರು. ಪಂಚರ ಎದುರಿಗೇ ಇನ್ನೊಂದು ಗಾಜಿನ ಕೊಳವೆಯಲ್ಲಿ ಸ್ವಲ್ಪ ಪೆಟ್ರೋಲಿಗೆ ನೀರು ಬೆರೆಸಿ ಕುಲುಕಿದರು. ಬಂಕುಗಳ ತಪಾಸಣೆಗೆ ಹೋದಾಗ ಕಲಿತ ಪರೀಕ್ಷೆ ಅದು. ಶುದ್ಧ ಪೆಟ್ರೋಲಾದರೆ ನೀರು ಹಾಕಿದಷ್ಟೇ ಕೆಳಗೆ ನಿಲ್ಲುತ್ತದೆ. ಎಥನಾಲ್ ಇದ್ದರೆ ಅದು ನೀರಿಗೆ ಸೇರಿ ನೀರಿನ ಮಟ್ಟ ಏರುತ್ತದೆ. ಕೊಳವೆಯಲ್ಲಿ ನೀರು ಗುರುತು ದಾಟಿ ಮೇಲೆ ಬಂದಿತ್ತು.

"ಈಗ ಎಲ್ಲಾ ಬಂಕಿನಲ್ಲೂ ಹೀಗೇ ಬರೋದು ಸಾರ್," ಎಂದರು ದಫೇದಾರರು. "ನನ್ನ ಬೈಕು ವರ್ಷಗಟ್ಟಲೆಯಿಂದ ಇದನ್ನೇ ಕುಡೀತಿದೆ. ಅದಕ್ಕಿನ್ನೂ ಬೆಂಕಿ ಬಿದ್ದಿಲ್ಲ."

ಇದಕ್ಕೆ ಉತ್ತರ ದೊಡ್ಡ ಮೇಸ್ತ್ರಿಯಿಂದಲೇ ಸಿಕ್ಕಿತು. ಷೆಡ್ಡಿನಲ್ಲಿ ಹೊಗೆಯ, ಗ್ರೀಸಿನ ವಾಸನೆ. ಮೂಲೆಯಲ್ಲಿ ಬಿಡಿಭಾಗ ತೊಳೆಯುವ ಸೀಮೆಎಣ್ಣೆಯ ತಟ್ಟೆ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ 'ಬಂಕಿನ ಪೆಟ್ರೋಲ್ ಒಳಗೆ ತರಬಾರದು' ಎಂದು ಬರೆದಿತ್ತು. ಬರೆದವರು ಅವರೇ. ಆ ಕಾಲದ ಎಂಜಿನ್ನಿಗೆ ಹೆಚ್ಚು ಶಕ್ತಿಯ ಪೆಟ್ರೋಲ್ ಬೇಕಾಗಿಲ್ಲ, ಸಾಧಾರಣದ್ದೇ ಸಾಕು, ಎಥನಾಲ್ ಮಾತ್ರ ಇರಬಾರದು ಎಂದು ಅವರು ವಿವರಿಸಿದರು. ಕಾರ್ಬ್ಯುರೇಟರ್ ಒಳಗೆ ಬೆಂಡಿನ ಫ್ಲೋಟ್ ತೇಲುತ್ತಿರುತ್ತದೆ. ಪೆಟ್ರೋಲ್ ತುಂಬಿದಾಗ ಅದು ಮೇಲೆದ್ದು ದಾರಿ ಮುಚ್ಚುತ್ತದೆ. ಬೆಂಡು ನೆನೆಯದಂತೆ ಮೇಲೆ ಅರಗಿನ ಲೇಪ. ಎಥನಾಲ್ ತಗಲಿದರೆ ಅರಗು ಕರಗುತ್ತದೆ, ಬೆಂಡು ನೆನೆದು ಮುಳುಗುತ್ತದೆ, ಪೆಟ್ರೋಲ್ ಉಕ್ಕಿ ಹೊರಗೆ ಹರಿಯುತ್ತದೆ. ಹಿತ್ತಾಳೆಯ ಫ್ಲೋಟ್ ಹಾಕಬಹುದಿತ್ತು. ಆದರೆ ಎಲ್ಲವೂ ಹಳೆಯದೇ ಇರಬೇಕೆಂಬುದು ಮ್ಯೂಸಿಯಂನವರ ಷರತ್ತು.

"ಹಾಕಿದ ತಕ್ಷಣ ಮುಳುಗುತ್ತಾ?"

"ಇಲ್ಲ. ಮೂರು ನಾಲ್ಕು ದಿನ ನೆನೀಬೇಕು."

"ಹಾಗಾದ್ರೆ ನಿಮ್ಮ ಗಾಡಿಗಳಿಗೆ ಪೆಟ್ರೋಲ್ ಎಲ್ಲಿಂದ?"

ವಿಮಾನ ಹಾರಿಸಲು ಕಲಿಸುವ ಮೈದಾನದಿಂದ ಡ್ರಮ್ಮಿನಲ್ಲಿ ಬರುತ್ತದೆ ಎಂದರು.

ಇನ್‌ಸ್ಪೆಕ್ಟರ್ ಮರುದಿನ ಮೈದಾನಕ್ಕೆ ಹೋದರು. ಕಲಬೆರಕೆಯ ಮಾತೆತ್ತಿದ್ದೇ ತಡ, ಅಲ್ಲಿನ ಸ್ಟೋರ್‌ಕೀಪರನಿಗೆ ಮೂಗಿನ ತುದಿಗೆ ಕೋಪ ಬಂತು.

"ಇದೇ ಪೆಟ್ರೋಲಲ್ಲಿ ವಿಮಾನ ಹಾರುತ್ತೆ ಸಾರ್. ಕಲಬೆರಕೆ ಆಗಿದ್ರೆ ಇಷ್ಟೊತ್ತಿಗೆ ನಿಮ್ಮ ಸ್ಟೇಷನ್ ಮೇಲೇ ಒಂದು ಬಿದ್ದಿರೋದು."

ಕೊಳವೆಯಲ್ಲಿ ಕುಲುಕಿ ನೋಡಿದರೆ ಅವನ ಡ್ರಮ್ಮಿನ ಪೆಟ್ರೋಲಿನಲ್ಲೂ, ಷೆಡ್ಡಿನ ಡ್ರಮ್ಮಿನದರಲ್ಲೂ ನೀರಿನ ಮಟ್ಟ ಏರಲಿಲ್ಲ. ಅಂದರೆ ಬಂಕಿನ ಪೆಟ್ರೋಲನ್ನು ಯಾರೋ ಬೇರೆಯಾಗಿ ತಂದು ಲಾರಿಗೆ ಸುರಿದಿದ್ದರು. ಏಜೆಂಟ್ ಅಲ್ಲ; ಅವನು ಊರಿಗೆ ಬಂದದ್ದೇ ಭಾನುವಾರ ಸಂಜೆ. ನೆನೆಯಲು ಅಷ್ಟು ಹೊತ್ತು ಸಾಲದು.

ಶುಕ್ರವಾರ ದಫೇದಾರರು ಸುತ್ತಲಿನ ಬಂಕುಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋದರು. ಷೆಡ್ಡಿಗೆ ಹತ್ತಿರದ ಬಂಕಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಊರಾಚೆಯ ಬಂಕಿನಲ್ಲಿ ಪೆಟ್ರೋಲ್ ಹಾಕುವ ಹೆಂಗಸಿಗೆ ಕ್ಯಾನು ಹಿಡಿದು ಬಂದ ಗಿರಾಕಿ ಚೆನ್ನಾಗಿ ನೆನಪಿದ್ದ.

"ದೊಡ್ಡ ಮೇಸ್ತ್ರಿ ಅಲ್ವಾ? ಏನ್ ಮೇಸ್ತ್ರಿ, ನಮ್ಮ ಪೆಟ್ರೋಲ್ ವಿಷ ಅಂತಿದ್ರಿ, ಈಗ ಕ್ಯಾನ್ ತುಂಬಾ ವಿಷ ಬೇಕಾಯ್ತಾ ಅಂತ ರೇಗಿಸಿದೆ. ಪಾರ್ಟ್ಸ್ ತೊಳೆಯೋಕೆ ಅಂದ್ರು. ನಗಲೇ ಇಲ್ಲ."

ಅದು ಬೆಂಕಿಗೆ ನಾಲ್ಕು ದಿನ ಮೊದಲಿನ ಗುರುವಾರ. ಕ್ಯಾಮೆರಾದಲ್ಲೂ ಅವರೇ ಇದ್ದರು.

ಜೀಪು ಷೆಡ್ಡಿನ ಮುಂದೆ ನಿಂತಾಗ ದೊಡ್ಡ ಮೇಸ್ತ್ರಿ ತಮ್ಮ ನಟ್ಟು ಬಿಗಿಯುತ್ತಿದ್ದ ಪಾನಾಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ನೇತುಹಾಕುತ್ತಿದ್ದರು. ಇನ್‌ಸ್ಪೆಕ್ಟರ್ ಸೀಮೆಎಣ್ಣೆಯ ತಟ್ಟೆಯತ್ತ ಒಮ್ಮೆ ನೋಡಿದರು.

"ತೊಳೆಯೋಕೆ ಇದಿತ್ತಲ್ಲ ಮೇಸ್ತ್ರಿ. ಪೆಟ್ರೋಲ್ ಯಾಕೆ ತಂದ್ರಿ?"

ದೊಡ್ಡ ಮೇಸ್ತ್ರಿ ಕೈಯಲ್ಲಿದ್ದ ಪಾನಾವನ್ನು ಒರೆಸುತ್ತಲೇ ಇದ್ದರು.

"ಲಾರಿ ಅಂಗಳ ದಾಟಬಾರದಿತ್ತು," ಎಂದರು. "ಕೆಮ್ಮಿ ಅಲ್ಲೇ ನಿಲ್ಲಬೇಕಿತ್ತು. ಮ್ಯೂಸಿಯಂನವರು ಬೇಡ ಅಂತ ಹೋಗಿಬಿಡ್ತಿದ್ರು. ಬೇರೆ ಯಾರೇ ಆಗಿದ್ರೂ ಆ ವಾಸನೆಗೇ ಇಳಿದು ಬಿಡೋರು. ಅವನು ಬಿಡಲಿಲ್ಲ. ನಲ್ಲಿ ತಿರುಗಿಸ್ತಾ ಓಡಿಸೋದನ್ನ ಅವನಿಗೆ ನಾನೇ ಕಲಿಸಿದ್ದು ಸಾರ್. ಮರೆತುಬಿಟ್ಟಿದ್ದೆ."

"ನೀವೂ ಅಂಗಳದಲ್ಲಿದ್ರಿ. ಆಗಲಾದ್ರೂ ನಿಲ್ಲಿಸು ಅನ್ನಬಹುದಿತ್ತಲ್ಲ?"

"ಯಾಕೆ ಅಂತ ಕೇಳ್ತಿದ್ದ."

ಷೆಡ್ಡಿನ ಹಿಂದೆಯೇ ಮನೆ. ಜೀಪಿನ ಸದ್ದಿಗೆ ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. ಸಾಕ್ಷಿ ಹೇಳಲು ಕರೆದೊಯ್ಯುತ್ತಿದ್ದಾರೆಂದು ಅವಳು ತಿಳಿದಿದ್ದಳು. "ಎರಡು ತುತ್ತು ತಿಂದು ಹೋಗಿ ಭಾವ, ಬೆಳಿಗ್ಗೆಯಿಂದ ಹಾಗೇ ಇದ್ದೀರಿ," ಎಂದಳು. ದಫೇದಾರರು ಮುಖ ತಿರುಗಿಸಿದರು. ಇನ್‌ಸ್ಪೆಕ್ಟರ್ ಅವಳ ಹತ್ತಿರ ಹೋಗಿ, ದೂರು ಕೊಟ್ಟವಳಿಗೆ ಹೇಳಬೇಕಾದಷ್ಟನ್ನು ತಗ್ಗಿದ ದನಿಯಲ್ಲಿ ಹೇಳಿದರು.

ಅವಳು ಚೌಕಟ್ಟು ಹಿಡಿದು ದೊಡ್ಡ ಮೇಸ್ತ್ರಿಯತ್ತ ತಿರುಗಿದಳು.

"ಸೋಮವಾರ ಲಾರಿಗೆ ಗೇಟು ತೆಗೆದದ್ದು ನೀವಲ್ವಾ ಭಾವ?"

ದೊಡ್ಡ ಮೇಸ್ತ್ರಿ ಹೌದೆಂದು ತಲೆಯಾಡಿಸಿದರು.

ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಸಂಜೆ ನಾಲ್ಕು ಗಂಟೆಗೆ ಬಂಧನ ದಾಖಲಾಯಿತು.

ಹೇಳಿಕೆಯಲ್ಲಿ ದೊಡ್ಡ ಮೇಸ್ತ್ರಿ ಏನನ್ನೂ ಮುಚ್ಚಿಡಲಿಲ್ಲ. ಲಾರಿಯ ಜೊತೆಗೇ ಅದನ್ನು ನೋಡಿಕೊಳ್ಳಲು ತಮ್ಮನಿಗೆ ಮ್ಯೂಸಿಯಂನಲ್ಲಿ ಕೆಲಸವಾಗಿತ್ತು. ಪರೀಕ್ಷೆಯಲ್ಲಿ ಲಾರಿ ಗೆದ್ದರೆ ತಿಂಗಳೊಳಗೆ ಗಂಡ ಹೆಂಡತಿ ಇಬ್ಬರೂ ಹೊರಡುವವರಿದ್ದರು. ದೊಡ್ಡ ಮೇಸ್ತ್ರಿಗೆ ಮದುವೆಯಾಗಿರಲಿಲ್ಲ. ತಂದೆ ಸತ್ತಾಗ ತಮ್ಮನಿಗೆ ಏಳು ವರ್ಷ. ಅಂದಿನಿಂದ ಇಬ್ಬರೂ ಒಂದೇ ಬಾನೆಟ್ಟಿನ ಎರಡು ಬದಿಗೆ ಬಾಗಿ ದುಡಿದವರು. ಕೆಲಸದ ಸುದ್ದಿ ತಂದ ದಿನ ತಮ್ಮ, ನೀನು ಏನಂತೀಯ ಅಣ್ಣ ಎಂದು ಕೇಳಿದ್ದನಂತೆ. ಒಳ್ಳೆಯದಾಯಿತು ಎಂದು ಹೇಳಿ ಇವರು ಮತ್ತೆ ಎಂಜಿನ್ನಿಗೆ ಬಾಗಿದ್ದರು.

ಇನ್‌ಸ್ಪೆಕ್ಟರ್ ಅಷ್ಟನ್ನೂ ಬರೆಸಿ ಸಹಿ ಹಾಕಿಸಿಕೊಂಡರು. ಹೋಗಬೇಡ ಎಂದು ದೊಡ್ಡ ಮೇಸ್ತ್ರಿ ತಮ್ಮನಿಗೆ ಒಂದು ಸಲವೂ ಹೇಳಿರಲಿಲ್ಲ.