ಹೊರಗಡೆಯ ಚಿಲಕ

ಉಳಿಯ ಮೊನೆ ನನ್ನ ಗಂಟಲಿಗೆ ತಾಗಿತ್ತು. ತಣ್ಣಗಿತ್ತು.

ಹಿಡಿದವನು ಬಡಗಿ. ಅವನ ಕೈ ನಡುಗುತ್ತಿರಲಿಲ್ಲ... ಅದೇ ನನಗೆ ಹಿಡಿಸದ ಸಂಗತಿ. ಕೈ ನಡುಗುವವರು ಹೆದರಿರುತ್ತಾರೆ. ಹೆದರಿದವರನ್ನು ಮಾತಿನಲ್ಲೇ ದಾರಿಗೆ ತರಬಹುದು.

“ಕಿರುಚಿದ್ರೆ ಇಲ್ಲೇ ಮುಗಿಸ್ತೀನಿ,” ಅಂದ.

ನಾನು ಕಿರುಚಲಿಲ್ಲ. ಧೈರ್ಯ ಬೇರೆ, ಪೆದ್ದುತನ ಬೇರೆ ನೋಡಿ.

ಅಲ್ಲಿಗೆ ಹೇಗೆ ಹೋಗಿ ಸಿಕ್ಕಿಕೊಂಡೆ ಅಂತೀರಾ? ಕೇಳಿ.

ವಯಸ್ಸಾದವರ ಮೇಲೆ ಕೈ ಮಾಡುವವರನ್ನು ಹಿಡಿಯುವುದು ನನ್ನ ಕೆಲಸ. ಅದಕ್ಕೊಂದು ಆಫೀಸಿದೆ, ಒಂದು ಫೋನಿದೆ, ಒಂದು ಹಳೇ ಜೀಪಿದೆ. ಆಫೀಸಿನಲ್ಲಿ ನನ್ನನ್ನು ಜಿಗಣೆ ಅಂತಾರೆ. ಕಚ್ಚಿದರೆ ಬಿಡುವವಳಲ್ಲ ಅಂತ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಕಣ್ಣಾಸ್ಪತ್ರೆಯ ನರ್ಸ್ ಫೋನ್ ಮಾಡಿದ್ದಳು. ಒಬ್ಬ ಅಜ್ಜಿಗೆ ಕಣ್ಣಿನ ಪೊರೆ ತೆಗೆದಿದ್ದರು. ಡ್ರಾಪ್ಸ್ ತಪ್ಪದೆ ಹಾಕಬೇಕು, ಮಾರನೇ ದಿನ ತೋರಿಸಲು ಬರಲೇಬೇಕು. ಅಜ್ಜಿ ಬಂದಿರಲಿಲ್ಲ. ಆಪರೇಶನ್ ದಿನ ಆಕೆಯ ಮುಂಗೈ ಮೇಲೆ ಬೆರಳಿನ ಗುರುತು ನೀಲಿಗಟ್ಟಿತ್ತಂತೆ. ಕೇಳಿದರೆ ಬಿದ್ದೆ ಅಂದಳಂತೆ. ಬಿದ್ದರೆ ಮಂಡಿ ತರಚುತ್ತದೆ ಸ್ವಾಮಿ, ಮುಂಗೈ ಮೇಲೆ ಬೆರಳು ಮೂಡುವುದಿಲ್ಲ.

ಕಣ್ಣಿಗೆ ಕೀವು ತುಂಬಿದರೆ ಆ ಕಣ್ಣು ಹೋದ ಹಾಗೇ, ಬೇಗ ಹೋಗಿ ಅಂದಳು ನರ್ಸ್.

ಹೋದೆ.

ಮುಂದೆ ವರ್ಕ್‌ಶಾಪ್, ಹಿಂದೆ ಮನೆ. ಮುಗಿಯುತ್ತ ಬಂದ ಬೀರು, ಗರಗಸ, ಎಲ್ಲೆಲ್ಲೂ ಮರದ ಪುಡಿ. ಮಗ ಬೆಣ್ಣೆಯಂಥ ಮನುಷ್ಯ. ಸ್ಟೂಲ್ ಒರೆಸಿ ಕೂರಿಸಿದ. ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಅಂದ. ನಂಬರ್ ಕೊಡಿ ಅಂದೆ. ಅವರ ಹತ್ತಿರ ಫೋನ್ ಇಲ್ಲ ಅಂದ. ಅಡ್ರೆಸ್? ಸರಿಯಾಗಿ ಗೊತ್ತಿಲ್ಲವಂತೆ. ಆಪರೇಶನ್ ಆದ ತಾಯಿಯನ್ನು ಗೊತ್ತಿಲ್ಲದ ಅಡ್ರೆಸ್ಸಿಗೆ ಕಳಿಸಿದ ಸುಪುತ್ರ!

ಕುಡಿಯಲು ನೀರು ಕೇಳಿದೆ. ಅವನು ಒಳಗೆ ಹೋದ. ನಾನೂ ಬೆನ್ನಿಗೇ ಹೋದೆ. ಅಡುಗೆಮನೆಯ ಪಕ್ಕ ಒಂದು ಕೋಣೆ. ಅದರ ಬಾಗಿಲಿಗೆ ಹಿತ್ತಾಳೆಯ ಚಿಲಕ...

ಹೊರಗಡೆ!

ಅದು ಹಿಂದಿನ ಬಾಡಿಗೆಯವರು ಹಾಕಿಸಿದ್ದು, ಒಳಗೆ ಬರೀ ಹಲಗೆ ತುಂಬಿದ್ದೇನೆ ಅಂದ. ಒಳಗಿನಿಂದ ಸದ್ದೇ ಇಲ್ಲ. ನಮ್ಮ ಕೆಲಸಕ್ಕೂ ಕಟ್ಟುಪಾಡು ಉಂಟು. ಒಳಗೆ ಮನುಷ್ಯರಿದ್ದಾರೆ ಎಂದು ಖಾತ್ರಿಯಾಗದೆ ಬಾಗಿಲು ಮುಟ್ಟುವಂತಿಲ್ಲ. ನಾನು ಹೋಗಿ ಪೊಲೀಸರ ಜೊತೆ ಬರುವಷ್ಟರಲ್ಲಿ ಇವನು ಅಜ್ಜಿಯನ್ನು ಎಲ್ಲಿಗೆ ಸಾಗಿಸಿರುತ್ತಾನೋ!

ಹೊರಗೆ ನೋಡಿದ ಬೀರು ನೆನಪಾಯಿತು. ಎಷ್ಟು ಬಿಗಿಯಾದ ಕೀಲು, ಎಷ್ಟು ನಯವಾದ ಅಂಚು... ಇವನು ಕೆಲಸ ಬಲ್ಲವನು. ಕೆಲಸ ಬಲ್ಲವರಿಗೆಲ್ಲ ಒಂದೇ ಕಾಯಿಲೆ.

ಚಿಲಕವನ್ನು ಬೆರಳಿನಿಂದ ತಟ್ಟಿ, ಎಂಥ ಕಳಪೆ ಕೆಲಸ ಅಂದೆ. ಸೊಟ್ಟಗೆ ಕೂರಿಸಿದ್ದಾರೆ, ಸ್ಕ್ರೂ ನೋಡಿದರೆ ಕ್ಯಾಲೆಂಡರ್ ನೇತುಹಾಕುವಂಥದ್ದು, ಯಾರೋ ಕೈಲಾಗದವನು ಮಾಡಿದ್ದು ಅಂದೆ. ಅವನ ಕಿವಿ ಕೆಂಪಾಯಿತು.

“ಬೆಕ್ಕು ತಳ್ಳಿದ್ರೂ ಕಿತ್ಕೊಂಡು ಬರುತ್ತೆ ಬಿಡಿ.”

“ನಿಮಗೇನು ಗೊತ್ತು ಮೇಡಂ? ಉದ್ದದ ಸ್ಕ್ರೂ ಹಾಕಿ ನಾನೇ ಕೂರಿಸಿದ್ದು. ಮೊನ್ನೆಯಿಂದ ಬಾಗಿಲು ಬಡೀತಾನೇ ಇದ್ಲು. ಒಂದು ಕೂದಲೆಳೆಯಷ್ಟಾದ್ರೂ ಅಲ್ಲಾಡ್ತಾ ಅದು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವನಿಗೂ ಅದು ತಿಳಿಯಿತು. ಸೊಂಟದಲ್ಲಿದ್ದ ಉಳಿ ಕೈಗೆ ಬಂತು. ನಾನು ಹಿಂದೆ ಹಿಂದೆ ಸರಿದೆ... ವರ್ಕ್‌ಶಾಪ್‌ಗೆ ಬಂದೆ... ಬೆನ್ನಿಗೆ ಮರದ ಮೇಜು ಸಿಕ್ಕಿತು. ಉಳಿ ಗಂಟಲಿಗೆ ಬಂದದ್ದು ಹೀಗೆ.

ಕಣ್ಣಿಗೆ ಮಣ್ಣೆರಚುವುದು ಅಂತಾರಲ್ಲ? ಮಣ್ಣು ಸಿಗಲಿಲ್ಲ. ಮೇಜಿನ ಮೇಲಿದ್ದ ಮರದ ಪುಡಿಯನ್ನೇ ಒಂದು ಹಿಡಿ ಎರಚಿದೆ!

ಉಳಿ ಕತ್ತಿನ ಪಕ್ಕ ಗೀರಿಕೊಂಡು ಹೋಯಿತು. ಅವನು ತಳ್ಳಿದ ರಭಸಕ್ಕೆ ನಾನು ಬಿದ್ದೆ. ಏಳುವಷ್ಟರಲ್ಲಿ ಚಿಲಕ ಸರಿದ ಸದ್ದು... ಹಿಂಬಾಗಿಲು... ವ್ಯಾನ್ ಸ್ಟಾರ್ಟ್!

ತಾಯಿಯನ್ನು ಹೊತ್ತುಕೊಂಡೇ ಹೋಗಿದ್ದ.

ನಮ್ಮ ಡ್ರೈವರ್ ಜೀಪಿನಲ್ಲಿ ತೂಕಡಿಸುತ್ತಿದ್ದ. ನನ್ನ ಕತ್ತಿನ ರಕ್ತ ನೋಡಿದ. ಒಂದೂ ಪ್ರಶ್ನೆ ಕೇಳದೆ ಗೇರ್ ಹಾಕಿದ. ನಾನು ಪೊಲೀಸರಿಗೆ ಫೋನ್ ಮಾಡುತ್ತ, ದಾರಿ ತೋರಿಸುತ್ತ, ಕರ್ಚೀಫು ಕತ್ತಿಗೊತ್ತಿಕೊಂಡು ಕೂತೆ.

ವ್ಯಾನ್ ಕೆಂಪು ದೀಪ ದಾಟಿತು. ನಾವೂ ದಾಟಿದೆವು.

ಎದುರಿಗೆ ಬಸ್ಸು! ಡ್ರೈವರ್ ಪಕ್ಕಕ್ಕೆಳೆದ.

ವ್ಯಾನಿನ ಮುಂದಿನ ಸೀಟಿನಲ್ಲಿ ಒಂದು ಬಿಳೀ ತಲೆ. ತಿರುವು ತಿರುವಿಗೂ ಅದು ಗಾಜಿಗೆ ಬಡಿಯುತ್ತಿತ್ತು. ನನಗೆ ಅಳುವೂ ಬಂತು, ಅವನನ್ನು ಸಿಗಿದುಹಾಕುವಷ್ಟು ಸಿಟ್ಟೂ ಬಂತು. ಆದರೂ ಹತ್ತಿರ ಹೋಗಬೇಡ ಅಂತ ಡ್ರೈವರ್‌ಗೆ ಹೇಳಿದೆ. ವ್ಯಾನ್ ಮಗುಚಿದರೆ ಮೊದಲು ಸಾಯುವವಳು ಅಜ್ಜಿ.

ಹೆದರಿದವನು ಗೊತ್ತಿರುವ ಜಾಗಕ್ಕೇ ಓಡುತ್ತಾನೆ. ಅವನು ಮರದ ಡಿಪೋ ಗಲ್ಲಿಗೆ ನುಗ್ಗಿದ. ಅಲ್ಲಿ ಲಾರಿಯಿಂದ ದಿಮ್ಮಿ ಇಳಿಸುತ್ತಿದ್ದರು. ದಾರಿ ಬಂದ್! ನಮ್ಮ ಡ್ರೈವರ್ ಹಿಂದೆ ಜೀಪನ್ನು ಅಡ್ಡ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡ.

ಬಡಗಿ ಕೆಳಗಿಳಿದ. ದಿಮ್ಮಿ ಇಳಿಸುವವರು ಸುತ್ತ ಸೇರಿದರು. ಅಷ್ಟು ಜನರನ್ನು ನೋಡಿದ್ದೇ ತಡ, ಮತ್ತೆ ಬೆಣ್ಣೆಯಾದ. ಅಮ್ಮನಿಗೆ ಕಣ್ಣು ಕಾಣಿಸುವುದಿಲ್ಲ, ಎಡವಿ ಬೀಳಬಾರದೆಂದು ಬಾಗಿಲು ಹಾಕಿದ್ದೆ, ಈ ಹೆಂಗಸು ಮನೆಗೆ ನುಗ್ಗಿ ಗಲಾಟೆ ಮಾಡಿದಳು ಅಂದ.

“ಬೇಕಾದ್ರೆ ಅಮ್ಮನ್ನೇ ಕೇಳಿ.”

ಕೇಳುವ ಮೊದಲೇ ಅಜ್ಜಿ, ನಾನೇ ಬಿದ್ದೆ ಅಂದಳು. ಒಂದು ಕಣ್ಣಿಗೆ ಆಸ್ಪತ್ರೆಯ ಪ್ಲಾಸ್ಟಿಕ್ ಮುಚ್ಚಳ. ಅದರ ಕೆಳಗೆ ಕೆನ್ನೆ ಊದಿತ್ತು. ಇನ್ನೊಂದು ಕಣ್ಣು ಮಗನನ್ನೇ ನೋಡುತ್ತಿತ್ತು.

ಹೊಡೆದವನ ಎದುರು ಹೊಡೆಸಿಕೊಂಡವರನ್ನು ಕೇಳಬಾರದು. ನಮ್ಮ ಕೆಲಸದಲ್ಲಿ ಕಲಿಯುವ ಮೊದಲ ಪಾಠ ಅದು. ಡ್ರೈವರ್ ಅವನನ್ನು ಲಾರಿಯ ಆಚೆಗೆ ಕರೆದೊಯ್ದ. ಕರೆದೊಯ್ದ ಅನ್ನುವುದು ಮರ್ಯಾದೆಯ ಮಾತು.

ನಾನು ವ್ಯಾನ್ ಹತ್ತಿ ಅಜ್ಜಿಯ ಪಕ್ಕ ಕೂತೆ. ಹೊಡೆದನಾ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಹೆತ್ತ ಕರುಳು ಇಲ್ಲ ಅಂತಲೇ ಹೇಳುತ್ತದೆ.

“ಅಮ್ಮ, ಇವತ್ತು ರಾತ್ರಿ ಎಲ್ಲಿ ಮಲಗೋಕೆ ಇಷ್ಟ ನಿಮಗೆ?”

ಅಜ್ಜಿ ಲಾರಿಯ ಕಡೆಗೊಮ್ಮೆ ನೋಡಿದಳು.

“ತಂಗಿ ಮನೇಲಿ. ಅಲ್ಲೇ ಇರ್ತೀನಿ ಅಂದಿದ್ದಕ್ಕೇ...” ಕೆನ್ನೆ ಮುಟ್ಟಿಕೊಂಡಳು. “ಮಗ ನೋಡ್ಕೊಳ್ಳಲಿಲ್ಲ ಅಂತ ಜನ ಆಡ್ಕೋತಾರೆ ಅಂತ ಅವನಿಗೆ. ಡ್ರಾಪ್ಸ್ ಅವನ ಜೇಬಲ್ಲೇ ಇದೆ. ಹೋಗಲ್ಲ ಅಂತ ಒಂದು ಮಾತು ಹೇಳು, ಹಾಕ್ತೀನಿ ಅಂದ.”

“ನೀವೇನಂದ್ರಿ?”

“ಹೇಳಲಿಲ್ಲ ಕಣಮ್ಮ. ಕಣ್ಣು ಹೋದ್ರೆ ಹೋಗ್ಲಿ ಅಂದ್ಕೊಂಡೆ.”

ಅವಳ ಕೈ ಹಿಡಿದು ಕೂತೆ.

ಪೊಲೀಸರು ಬಂದರು. ಅಜ್ಜಿ ಅವರಿಗೂ ಅದನ್ನೇ ಹೇಳಿದಳು. ಈ ಸಲ ಬಿದ್ದೆ ಅನ್ನಲಿಲ್ಲ. ಬಡಗಿಯ ಜೇಬಿನಿಂದ ಬಾಟಲಿ ತೆಗೆದರು. ಸೀಲ್ ಕೂಡ ಒಡೆದಿರಲಿಲ್ಲ. ಅವನನ್ನು ಸ್ಟೇಷನ್ನಿಗೆ ಕರೆದೊಯ್ದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮುಚ್ಚಳ ತೆಗೆದು ನೋಡಿದರು. ಕೀವು ಶುರುವಾಗಿದೆ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು, ಕಣ್ಣು ಉಳಿಯುತ್ತದೆ ಅಂದರು. ನರ್ಸ್ ಔಷಧಿ ಹಾಕಿದಳು. ತಂಗಿ ಹೊರಟಿದ್ದಾಳೆ ಎಂದು ಫೋನ್ ಬಂತು. ನನ್ನ ಕತ್ತಿಗೂ ಹೊಲಿಗೆ ಬಿತ್ತು.

ಹೊರಡಲು ಎದ್ದೆ. ಅಜ್ಜಿ ನನ್ನ ಸೆರಗು ಹಿಡಿದಳು.

“ಅವನಿಗೆ ಅಲ್ಲಿ... ಹೊತ್ತಿಗೆ ಸರಿಯಾಗಿ ಊಟ ಕೊಡ್ತಾರಾ?”

“ಕೊಡ್ತಾರಮ್ಮ,” ಅಂದೆ. “ಪೊಲೀಸರು ನಿಮ್ಮ ಮಗನಷ್ಟು ಕೆಟ್ಟೋರಲ್ಲ.”